ಗೆಡ್ಡೆಯ ರಕ್ತನಾಳ ತಡೆಯುವ ಸಸ್ಯಗಳು: ಅಡುಗೆಮನೆಯದೋ, ಡಬ್ಬಿಯದೋ, ಡ್ರಿಪ್‌ನದೋ?

ಮೊನ್ನೆ ಹಾವೇರಿ ಕಡೆಯ ಹೆಣ್ಣುಮಗಳೊಬ್ಬರು ನಮ್ಮ ಆಸ್ಪತ್ರೆಯ ಔಷಧಾಲಯದ ಕಿಟಕಿಗೆ ಬಂದರು. ಯಜಮಾನರಿಗೆ ಕಿಡ್ನಿ ಕ್ಯಾನ್ಸರ್, ಸುನಿಟಿನಿಬ್ ಗುಳಿಗೆ ಶುರುವಾಗಿ ಎರಡು ತಿಂಗಳಾಗಿದೆ. ಡಾಕ್ಟರ ಚೀಟಿ ಕೊಡುವ ಮುಂಚೆ ಕೈಚೀಲದಿಂದ ಒಂದು ಡಬ್ಬಿ ತೆಗೆದು ಮುಂದಿಟ್ಟರು. ಹಿಂಬದಿಯ ಸಣ್ಣ ಅಕ್ಷರ ಓದಿದೆ: ಒಂದು ಕ್ಯಾಪ್ಸೂಲಿನಲ್ಲಿ 500 ಮಿ.ಗ್ರಾಂ ಅರಿಶಿನದ ಸಾರ, ಅದರಲ್ಲಿ ನೂರಕ್ಕೆ 95 ಪಾಲು ಅರಿಶಿನದ ಮುಖ್ಯ ಅಂಶವಾದ ಕರ್ಕ್ಯುಮಿನ್, ಜೊತೆಗೆ ಕಾಳುಮೆಣಸಿನ ಅಂಶವಾದ ಪೈಪರಿನ್ 5 ಮಿ.ಗ್ರಾಂ. ದಿನಕ್ಕೆ ಮೂರು.

"ಅರಿಷಿಣಾನ ಅಲ್ರೀ ಸರ್ ಇದು? ದಿನಾ ಪಲ್ಯಾಕ್ಕ ಹಾಕೂದ. ಗಡ್ಡಿಗೆ ರಕ್ತ ಹೋಗೂ ನರಾ ಬಂದ್ ಮಾಡತೈತಂತ ನಮ್ಮ ತಮ್ಮ ಮೊಬೈಲ್‌ನ್ಯಾಗ ಓದಿ ತರಿಸ್ಯಾನ್ರೀ."

ತಮ್ಮ ಓದಿದ್ದು ಸುಳ್ಳಲ್ಲ. ಈ ವಿಷಯದ ತೊಡಕು ಇರುವುದೇ ಅಲ್ಲಿ. ಅರಿಶಿನ, ಗ್ರೀನ್ ಟೀ, ಸೋಯಾ, ಅಶ್ವಗಂಧ, ದ್ರಾಕ್ಷಿ ಸಿಪ್ಪೆ, ಇವೆಲ್ಲವುಗಳಲ್ಲೂ ಹೊಸ ರಕ್ತನಾಳ ಚಿಗುರುವುದನ್ನು ತಡೆಯುವ ಅಂಶಗಳಿವೆ, ಪ್ರಯೋಗಾಲಯದಲ್ಲಿ. ಮನೆಯಲ್ಲಿ ಕ್ಯಾನ್ಸರ್ ಇರುವಾಗ ಇವುಗಳಲ್ಲಿ ಯಾವುದನ್ನು ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ವಾರಕ್ಕೆ ನಾಲ್ಕೈದು ಮಂದಿಯಾದರೂ ನನ್ನನ್ನು ಕೇಳುತ್ತಾರೆ. ಕಿಟಕಿಯಲ್ಲಿ ಎರಡು ನಿಮಿಷದಲ್ಲಿ ಹೇಳಿ ಮುಗಿಸಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಾಸಿವೆ ಕಾಳಿನಷ್ಟು ಗೆಡ್ಡೆ

1971ರಲ್ಲಿ ಬಾಸ್ಟನ್ನಿನ ಶಸ್ತ್ರವೈದ್ಯ ಜುಡಾ ಫೋಕ್‌ಮನ್ ಒಂದು ಮಾತು ಮುಂದಿಟ್ಟರು: ತನ್ನದೇ ರಕ್ತನಾಳ ಎಳೆದುಕೊಳ್ಳದ ಗೆಡ್ಡೆ ಒಂದೆರಡು ಮಿಲಿಮೀಟರ್ ದಾಟಿ ಬೆಳೆಯಲಾರದು. ಅಂದರೆ ಸಾಸಿವೆ ಕಾಳಿನಷ್ಟಕ್ಕೆ ನಿಲ್ಲುತ್ತದೆ. ಒಳಗಿನ ಜೀವಕೋಶಗಳಿಗೆ ಉಸಿರುಕಟ್ಟಿದಾಗ ಅವು ವಿಇಜಿಎಫ್ ಎಂಬ ಪ್ರೋಟೀನನ್ನು ಹೊರಗೆ ಬಿಡುತ್ತವೆ. ಪಕ್ಕದ ರಕ್ತನಾಳದ ಒಳಪದರಕ್ಕೆ ಆ ಸುದ್ದಿ ತಲುಪಿ, ಅಲ್ಲಿಂದ ಕವಲು ಚಿಗುರಿ ಗೆಡ್ಡೆಯ ಕಡೆಗೆ ತೆವಳುತ್ತದೆ. ಆ ಪ್ರೋಟೀನಿನ ಜೀನನ್ನು 1989ರಲ್ಲಿ ನಪೋಲಿಯೋನೆ ಫೆರಾರಾ ಮತ್ತು ಸಂಗಡಿಗರು ಬೇರ್ಪಡಿಸಿದರು. ಸಸ್ಯದ ಸಂಯುಕ್ತಗಳು ಈ ದಾರಿಯಲ್ಲಿ ಬೇರೆ ಬೇರೆ ಕಡೆ ಅಡ್ಡ ಬರುತ್ತವೆ. ಕೆಲವು ವಿಇಜಿಎಫ್ ತಯಾರಿಯನ್ನೇ ತಗ್ಗಿಸುತ್ತವೆ, ಕೆಲವು ಅದನ್ನು ಹಿಡಿಯುವ ಗ್ರಾಹಕದ ಕೆಲಸ ಕೆಡಿಸುತ್ತವೆ, ಇನ್ನು ಕೆಲವು ಕವಲಿನ ಜೀವಕೋಶ ಒಡೆದು ಎರಡಾಗದಂತೆ ಮಾಡುತ್ತವೆ.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಂ.ಫಾರ್ಮ ಓದುವಾಗ ಹ್ಯಾಚರಿಯಿಂದ ಫಲಿತ ಮೊಟ್ಟೆ ತಂದು, 37 ಡಿಗ್ರಿ ಶಾಖದಲ್ಲಿಟ್ಟು, ಚಿಪ್ಪಿನಲ್ಲಿ ಬೆರಳುಗುರಿನಷ್ಟು ಕಿಟಕಿ ಕೊರೆಯುತ್ತಿದ್ದೆವು. ಎಂಟನೇ ದಿನಕ್ಕೆ ಒಳಗಿನ ತೆಳು ಪೊರೆಯ ಮೇಲೆ ಕೆಂಪು ನಾಳಗಳು ಅರಳಿ ಎಲೆಯ ಹಿಂಬದಿಯ ನರಗಳಂತೆ ಕಾಣುತ್ತವೆ. ಕರ್ಕ್ಯುಮಿನ್‌ನಲ್ಲಿ ಅದ್ದಿದ ಫಿಲ್ಟರ್ ಕಾಗದದ ಚೂರನ್ನು ಆ ಪೊರೆಯ ಮೇಲೆ ಇಟ್ಟು ಮುಚ್ಚಿದೆವು. ಎರಡು ದಿನ ಬಿಟ್ಟು ತೆಗೆದು ನೋಡಿದರೆ ಹಳದಿ ಚೂರಿನ ಸುತ್ತ ನಾಳಗಳು ತೆಳ್ಳಗಾಗಿ, ದಾರಿ ಬದಲಿಸಿ ಹೋಗಿದ್ದವು. ನಡುವೆ ಬೋಳು ಜಾಗ. ಅಂದು ನಾನೂ ಎಲ್ಲರಂತೆ ಹಿಗ್ಗಿದ್ದೆ. ಆದರೆ ಆ ಕಾಗದದ ಚೂರು ನೇರವಾಗಿ ನಾಳದ ಮೇಲೆ ಕೂತಿತ್ತು. ಬಾಯಿಂದ ನುಂಗಿದ ಅರಿಶಿನ ಹೊಟ್ಟೆ, ಕರುಳು, ಯಕೃತ್ತು ಎಲ್ಲ ದಾಟಿ ಗೆಡ್ಡೆಯ ನಾಳಕ್ಕೆ ಹೋಗಬೇಕು. ಆಯ್ಕೆ ಮಾಡುವಾಗ ನೋಡಬೇಕಾದ್ದು ಈ ದೂರವನ್ನು.

ಅಳತೆಗೋಲು ಯಾವುದು

ಹೋಲಿಸಲು ಒಂದು ಗಟ್ಟಿ ಅಳತೆ ಬೇಕು. ನಾನು ಬೆವಸಿಜುಮಾಬ್ ಇಟ್ಟುಕೊಳ್ಳುತ್ತೇನೆ. ಇದು ಗಿಡದಿಂದ ಬಂದದ್ದಲ್ಲ. ವಿಇಜಿಎಫ್ ಅನ್ನು ಹಿಡಿದು ಕಟ್ಟಿಹಾಕಲೆಂದೇ ರೂಪಿಸಿದ ಪ್ರತಿಕಾಯ. ಅಮೆರಿಕದಲ್ಲಿ 2004ರಲ್ಲಿ ಒಪ್ಪಿಗೆ ಸಿಕ್ಕಿತು. ಬೆಂಗಳೂರಿನ ಬಯೋಕಾನ್ ಕೂಡ 2017ರಲ್ಲಿ ಇದರ ಬಯೋಸಿಮಿಲರ್ ಅನ್ನು (ಅದನ್ನೇ ಹೋಲುವ ಔಷಧವನ್ನು) ನಮ್ಮ ಮಾರುಕಟ್ಟೆಗೆ ತಂದಿತು. ಹರಡಿದ ದೊಡ್ಡಕರುಳಿನ ಕ್ಯಾನ್ಸರಿಗೆ ಕೀಮೋ ಜೊತೆ ಕೊಟ್ಟಾಗ ರೋಗಿಗಳು ಬದುಕಿದ ಮಧ್ಯಮ ಅವಧಿ 15.6 ತಿಂಗಳಿಂದ 20.3 ತಿಂಗಳಿಗೆ ಏರಿತು. ಸ್ತನ ಕ್ಯಾನ್ಸರಿನಲ್ಲಿ ಆಯಸ್ಸು ಹೆಚ್ಚಿಸಿದ್ದು ಕಾಣದೆ ಅಮೆರಿಕ 2011ರಲ್ಲಿ ಆ ಬಳಕೆಯ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಿತು. ರಕ್ತದೊತ್ತಡ ಏರುವುದು, ರಕ್ತಸ್ರಾವ, ಗಾಯ ಬೇಗ ಮಾಯದಿರುವುದು, ಅಪರೂಪಕ್ಕೆ ಕರುಳು ತೂತಾಗುವುದು ಇದರ ಅಡ್ಡಪರಿಣಾಮಗಳು.

ನೇರ ರಕ್ತಕ್ಕೇ ಸೇರಿಸುವ, ಗುರಿಗೆಂದೇ ಮಾಡಿದ ಔಷಧ ಕೀಮೋ ಜೊತೆಗೂಡಿ ಕೊಟ್ಟದ್ದು 4.7 ತಿಂಗಳು. ಆ ತಿಂಗಳುಗಳ ಬೆಲೆ ಮನೆಯವರಿಗೆ ಗೊತ್ತು, ನಾನದನ್ನು ಕಡಿಮೆ ಎಣಿಸುವುದಿಲ್ಲ. ಆದರೆ ಕ್ಯಾಪ್ಸೂಲ್ ಒಂದೇ ಗೆಡ್ಡೆಯನ್ನು ಒಣಗಿಸುತ್ತದೆ ಎಂದು ಯಾರಾದರೂ ಹೇಳಿದರೆ ಈ ಅಂಕಿಯ ಪಕ್ಕದಲ್ಲಿಟ್ಟು ತೂಗಿ.

ಪ್ರತಿಯೊಂದಕ್ಕೂ ಕೇಳುವ ಪ್ರಶ್ನೆ ಮೂರು. ನುಂಗಿದ್ದು ರಕ್ತಕ್ಕೆ ಎಷ್ಟು ಸೇರುತ್ತದೆ? ಮನುಷ್ಯರಲ್ಲಿ ಏನು ಕಂಡಿದೆ? ಈಗ ನಡೆಯುತ್ತಿರುವ ಚಿಕಿತ್ಸೆಗೆ ಅದು ಏನು ಮಾಡುತ್ತದೆ? ಮೂರನೆಯದನ್ನು ಕೇಳುವವರು ತೀರಾ ಕಡಿಮೆ. ನನ್ನ ಮಟ್ಟಿಗೆ ಅದೇ ಮೊದಲ ಪ್ರಶ್ನೆ.

ಅರಿಶಿನ

ಗಾಜಿನ ತಟ್ಟೆಯ ಪ್ರಯೋಗಗಳಲ್ಲಿ ಕರ್ಕ್ಯುಮಿನ್ ಕೆಲಸ ಮಾಡುವುದು ಸಾಮಾನ್ಯವಾಗಿ 10 ಮೈಕ್ರೋಮೋಲಾರ್ ಆಸುಪಾಸಿನಲ್ಲಿ, ಅಂದರೆ ಮಿಲಿಲೀಟರಿಗೆ ಸುಮಾರು 3,700 ನ್ಯಾನೋಗ್ರಾಂ. ಅಮೆರಿಕದ ಹ್ಯೂಸ್ಟನ್‌ನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದ್ದ 25 ಮಂದಿಗೆ ದಿನಕ್ಕೆ 8 ಗ್ರಾಂ ಕರ್ಕ್ಯುಮಿನ್ ಕೊಟ್ಟರು. 2008ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ರಕ್ತದಲ್ಲಿ ಸಿಕ್ಕ ಗರಿಷ್ಠ ಪ್ರಮಾಣ ಮಿಲಿಲೀಟರಿಗೆ 22ರಿಂದ 41 ನ್ಯಾನೋಗ್ರಾಂ. ಬೇಕಾದ್ದರಲ್ಲಿ ನೂರರಲ್ಲೊಂದು ಪಾಲು. ಇಬ್ಬರಲ್ಲಿ ಮಾತ್ರ ಪರಿಣಾಮ ಕಂಡಿತು: ಒಬ್ಬರಲ್ಲಿ ರೋಗ 18 ತಿಂಗಳು ಮುಂದುವರಿಯದೆ ನಿಂತಿತ್ತು, ಇನ್ನೊಬ್ಬರ ಗೆಡ್ಡೆ ಕುಗ್ಗಿ ಸ್ವಲ್ಪ ದಿನಕ್ಕೇ ಮತ್ತೆ ಬೆಳೆಯಿತು. 8 ಗ್ರಾಂ ಕರ್ಕ್ಯುಮಿನ್ ಎಂದರೆ ಕಾಲು ಕಿಲೋ ಮೀರಿದ ಅರಿಶಿನ ಪುಡಿ, ಏಕೆಂದರೆ ಪುಡಿಯಲ್ಲಿ ಅದು ಇರುವುದು ನೂರಕ್ಕೆ ಮೂರರಷ್ಟು.

ರಕ್ತಕ್ಕೆ ಸೇರದ ಈ ಕೊರತೆ ನೀಗಿಸಲು ಮೆಣಸು ಬಂತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ತೋರಿಸಿದ್ದು ಇಂದು ಎಷ್ಟೋ ಅರಿಶಿನ ಡಬ್ಬಿಗಳ ಮೇಲೆ ಒಂದಲ್ಲ ಒಂದು ರೂಪದಲ್ಲಿ ಅಚ್ಚಾಗಿದೆ: 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿ.ಗ್ರಾಂ ಪೈಪರಿನ್ ಕೊಟ್ಟರೆ ಮನುಷ್ಯರ ರಕ್ತಕ್ಕೆ ಸೇರುವ ಪ್ರಮಾಣ ಇಪ್ಪತ್ತು ಪಟ್ಟು ಏರುತ್ತದೆ. ನಮ್ಮೂರಿನ ಈ ಕೆಲಸದ ಬಗ್ಗೆ ನನಗೆ ಹೆಮ್ಮೆಯಿದೆ. ಡಬ್ಬಿಯವರು ಹೇಳದೆ ಬಿಡುವ ಮಾತೂ ಅದೇ ಅಧ್ಯಯನದಲ್ಲಿದೆ. ಪೈಪರಿನ್ ಇಲ್ಲದೆ ಸಿಕ್ಕಿದ್ದು ಹೆಚ್ಚುಕಡಿಮೆ ಸೊನ್ನೆ, ಇಪ್ಪತ್ತು ಪಟ್ಟು ಏರಿದ್ದು ಅದರ ಮೇಲೆ. ಆ ಏರಿಕೆಯೂ ಮೊದಲ ಒಂದು ಗಂಟೆಯೊಳಗಿನ ಮಾತು.

ಪೈಪರಿನ್ ಇದನ್ನು ಸಾಧಿಸುವ ಬಗೆಯಲ್ಲೇ ಅಪಾಯವೂ ಇದೆ. ನಾವು ನುಂಗಿದ ಹೊರಗಿನ ವಸ್ತುಗಳನ್ನು ಒಡೆದು ಹಾಕುವ ಯಕೃತ್ತು ಮತ್ತು ಕರುಳಿನ ಕಿಣ್ವಗಳನ್ನು ಅದು ಮಂದ ಮಾಡುತ್ತದೆ. ಸಿವೈಪಿ3ಎ4 ಅವುಗಳಲ್ಲೊಂದು. ಸುನಿಟಿನಿಬ್, ಪಜೋಪನಿಬ್‌ನಂಥ, ಗೆಡ್ಡೆಯ ರಕ್ತನಾಳ ತಡೆಯಲೆಂದೇ ಕೊಡುವ ಗುಳಿಗೆಗಳನ್ನು ಒಡೆಯುವುದೂ ಅದೇ ಕಿಣ್ವ. ಗುಳಿಗೆ ಒಡೆಯದೆ ರಕ್ತದಲ್ಲಿ ಉಳಿದರೆ ಅಡ್ಡಪರಿಣಾಮ ಜಾಸ್ತಿ. ಕೆಲವು ಕಡೆ ಇದು ತಿರುಗುಮುರುಗಾಗುತ್ತದೆ: ನೆದರ್‌ಲ್ಯಾಂಡ್ಸ್‌ನ ರೋಟರ್‌ಡ್ಯಾಮ್‌ನಲ್ಲಿ 2019ರಲ್ಲಿ ಸ್ತನ ಕ್ಯಾನ್ಸರಿಗೆ ಕೊಡುವ ಟಮೋಕ್ಸಿಫೆನ್ ತೆಗೆದುಕೊಳ್ಳುತ್ತಿದ್ದ ಹೆಂಗಸರಿಗೆ ಕರ್ಕ್ಯುಮಿನ್ ಮತ್ತು ಪೈಪರಿನ್ ಸೇರಿಸಿ ಕೊಟ್ಟಾಗ, ಟಮೋಕ್ಸಿಫೆನ್‌ನ ನಿಜವಾಗಿ ಕೆಲಸ ಮಾಡುವ ರೂಪ ಎಂಡಾಕ್ಸಿಫೆನ್ ರಕ್ತದಲ್ಲಿ ನೂರಕ್ಕೆ 12ರಷ್ಟು ಇಳಿಯಿತು. ಯಾವ ಗುಳಿಗೆ ಏರುತ್ತದೆ, ಯಾವುದು ಇಳಿಯುತ್ತದೆ ಎಂದು ಮನೆಯಲ್ಲಿ ಕೂತು ಊಹಿಸುವ ಆಟ ಇದಲ್ಲ.

ಯಕೃತ್ತಿನ ಮಾತೂ ಇದೆ. ಔಷಧಗಳಿಂದಾಗುವ ಯಕೃತ್ ಹಾನಿಯನ್ನು ದಾಖಲಿಸುವ ಅಮೆರಿಕದ ವೈದ್ಯರ ಜಾಲ ಅರಿಶಿನದ ಪೂರಕಗಳಿಂದಾದ 10 ಪ್ರಕರಣಗಳನ್ನು 2022ರಲ್ಲಿ ವರದಿ ಮಾಡಿತು. ಒಬ್ಬರು ತೀರಿಕೊಂಡಿದ್ದರು. ಸಂಖ್ಯೆ ದೊಡ್ಡದಲ್ಲ ನಿಜ, ಆದರೆ ಕೀಮೋದಲ್ಲಿ ಆಗಲೇ ಬಳಲಿದ ಯಕೃತ್ತಿಗೆ ಇನ್ನೊಂದು ಹೊರೆ ಯಾಕೆ?

ಅಡುಗೆಯ ಅರಿಶಿನ? ಧಾರಾಳವಾಗಿ ಹಾಕಿ. ಮೆಣಸಿನ ಸಾರನ್ನೂ ಬಿಡಬೇಕಿಲ್ಲ. ಆದರೆ ಲೆಕ್ಕ ತಿಳಿದಿರಲಿ: ಕಾಳುಮೆಣಸಿನಲ್ಲಿ ಪೈಪರಿನ್ ನೂರಕ್ಕೆ ಐದರಷ್ಟಿರುತ್ತದೆ, ಆ ಪ್ರಯೋಗದ 20 ಮಿ.ಗ್ರಾಂಗೆ ಅರ್ಧ ಗ್ರಾಂ ಮೆಣಸೂ ಬೇಡ. ಹಾಗಾಗಿ ಕ್ಯಾನ್ಸರ್ ಗುಳಿಗೆ ನುಂಗುವ ಹೊತ್ತಿಗೆ ದಿನವೂ ಖಾರವಾದ ಮೆಣಸಿನ ಕಷಾಯ ಕುಡಿಸುವ ಅಭ್ಯಾಸ ಬೇಡ.

ಗ್ರೀನ್ ಟೀ

ಸ್ಟಾಕ್‌ಹೋಮ್‌ನ ಕರೋಲಿನ್ಸ್ಕಾ ಸಂಸ್ಥೆಯಲ್ಲಿ 1999ರಲ್ಲಿ ನೀರಿನ ಬದಲು ಗ್ರೀನ್ ಟೀ ಕುಡಿದ ಇಲಿಗಳ ಕಣ್ಣಿನಲ್ಲಿ ಹೊಸ ರಕ್ತನಾಳ ಕಡಿಮೆ ಚಿಗುರಿದ್ದು ಕಂಡಿತು. ಆ ಕೆಲಸ ಮಾಡುವ ಮುಖ್ಯ ಅಂಶ ಇಜಿಸಿಜಿ. ಕರ್ಕ್ಯುಮಿನ್‌ಗೆ ಹೋಲಿಸಿದರೆ ಇದರದ್ದು ಒಂದು ಮೇಲುಗೈ: ಕುಡಿಯುವ ರೂಪದಲ್ಲೇ ಪರಿಣಾಮ ತೋರಿದೆ. ಮನುಷ್ಯರಲ್ಲಿ ಗೆಡ್ಡೆ ಕುಗ್ಗಿಸುವ ಔಷಧವಾಗಿ ಮಾತ್ರ ಇದು ನಿಂತಿಲ್ಲ.

ಗ್ರೀನ್ ಟೀ ವಿಷಯದಲ್ಲಿ ನಾನು ಗಟ್ಟಿಯಾಗಿ ಬೇಡ ಎನ್ನುವ ಸಂದರ್ಭ ಒಂದಿದೆ. ಮಲ್ಟಿಪಲ್ ಮೈಲೋಮಾಗೆ (ಮೂಳೆಮಜ್ಜೆಯ ಕ್ಯಾನ್ಸರಿಗೆ) ಬೋರ್ಟೆಝೊಮಿಬ್ ಚುಚ್ಚುಮದ್ದು ನಡೆಯುತ್ತಿದ್ದರೆ ಗ್ರೀನ್ ಟೀ ಸಾರದ ಕ್ಯಾಪ್ಸೂಲ್ ಮುಟ್ಟಬೇಡಿ. ಕುಡಿಯುವ ಗ್ರೀನ್ ಟೀಯನ್ನೂ ಡಾಕ್ಟರನ್ನು ಕೇಳದೆ ಮುಂದುವರಿಸಬೇಡಿ. ಆ ಔಷಧದಲ್ಲಿರುವ ಬೋರಾನ್ ಭಾಗಕ್ಕೆ ಇಜಿಸಿಜಿ ನೇರವಾಗಿ ಅಂಟಿಕೊಂಡು ಔಷಧವನ್ನು ಕಟ್ಟಿಹಾಕುತ್ತದೆ. 2009ರಲ್ಲಿ ಕ್ಯಾಲಿಫೋರ್ನಿಯದ ಸಂಶೋಧಕರು ಇಲಿಗಳಲ್ಲಿ ಇದನ್ನು ತೋರಿಸಿದರು. ಎರಡೂ ಸೇರಿದರೆ ಇನ್ನೂ ಚೆನ್ನಾಗಿ ಕೆಲಸ ಮಾಡಬಹುದೆಂಬ ನಿರೀಕ್ಷೆಯಲ್ಲಿ ಹೊರಟವರಿಗೆ ಸಿಕ್ಕಿದ್ದು ಇದು. ಒಳ್ಳೆಯದು ಮತ್ತು ಒಳ್ಳೆಯದು ಸೇರಿದರೆ ಇನ್ನೂ ಒಳ್ಳೆಯದೇ ಆಗುತ್ತದೆ ಎಂಬ ನಮ್ಮ ನಂಬಿಕೆಗೆ ಇದಕ್ಕಿಂತ ಸ್ಪಷ್ಟ ಉತ್ತರ ನನಗೆ ಗೊತ್ತಿಲ್ಲ.

ಉಳಿದವರಲ್ಲಿ ಹೆಚ್ಚಿನವರಿಗೆ ದಿನಕ್ಕೆ ಒಂದೆರಡು ಲೋಟ ಕುಡಿದರೆ ತೊಂದರೆ ಕಾಣುವುದಿಲ್ಲ. ಸಾರದ ಕ್ಯಾಪ್ಸೂಲುಗಳಲ್ಲಿ ದಿನಕ್ಕೆ 800 ಮಿ.ಗ್ರಾಂ ಇಜಿಸಿಜಿ ಮುಟ್ಟಿದರೆ ಯಕೃತ್ತಿನ ಕಿಣ್ವಗಳು ಏರುತ್ತವೆ ಎಂದು ಯುರೋಪಿನ ಆಹಾರ ಸುರಕ್ಷಾ ಸಂಸ್ಥೆ 2018ರಲ್ಲೇ ಎಚ್ಚರಿಸಿದೆ.

ಸೋಯಾ, ಅಶ್ವಗಂಧ, ದ್ರಾಕ್ಷಿ

ಸೋಯಾದ ಜೆನಿಸ್ಟೀನ್ ಕಥೆ ಶುರುವಾದದ್ದು ಮೂತ್ರದಿಂದ. 1993ರಲ್ಲಿ ಸೋಯಾ ಹೆಚ್ಚು ತಿನ್ನುವವರ ಮೂತ್ರವನ್ನು ಜಾಲಾಡಿದಾಗ ರಕ್ತನಾಳದ ಒಳಪದರದ ಬೆಳವಣಿಗೆ ತಡೆಯುವ ಈ ಅಂಶ ಸಿಕ್ಕಿತು. ತಿಂದದ್ದು ದೇಹದೊಳಗೆ ಸುತ್ತಿ ಬಂದಿದೆ ಎಂಬುದಕ್ಕೆ ಸಾಕ್ಷಿ ಮೊದಲೇ ಕೈಯಲ್ಲಿತ್ತು. ಆಹಾರವಾಗಿ ನಾನು ಧೈರ್ಯದಿಂದ ಒಪ್ಪುವುದು ಇದನ್ನೇ: ಶಾಂಘೈನಲ್ಲಿ ಸ್ತನ ಕ್ಯಾನ್ಸರಿನಿಂದ ಪಾರಾದ 5,042 ಹೆಂಗಸರನ್ನು ಹಿಂಬಾಲಿಸಿದ, 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೋಯಾ ಊಟ ಹೆಚ್ಚಿದ್ದವರಲ್ಲಿ ಸಾವು ಮತ್ತು ಮರುಕಳಿಕೆ ಎರಡೂ ಕಡಿಮೆ ಇದ್ದವು. ರಕ್ತನಾಳದ ಕಾರಣಕ್ಕೇ ಹೀಗಾಯಿತೆಂದು ಅದರಿಂದ ಹೇಳಲು ಬರುವುದಿಲ್ಲ. ಜೆನಿಸ್ಟೀನ್ ಈಸ್ಟ್ರೋಜನ್ನಿನಂತೆಯೂ ನಡೆದುಕೊಳ್ಳುತ್ತದೆ, ಇಲಿಗಳಲ್ಲಿ ಟಮೋಕ್ಸಿಫೆನ್ ಕೆಲಸಕ್ಕೆ ಅಡ್ಡಬಂದಿದೆ. ಆದ್ದರಿಂದ ಸ್ತನ ಕ್ಯಾನ್ಸರ್ ಇದ್ದವರು ಸೋಯಾ ಚಂಕ್ಸ್ ಪಲ್ಯ, ತೋಫು ತಿನ್ನಿ. ಜೆನಿಸ್ಟೀನ್‌ನಂಥ ಅಂಶಗಳನ್ನು ತುಂಬಿದ ಐಸೋಫ್ಲೇವೋನ್ ಗುಳಿಗೆ ಬಿಡಿ.

ಅಶ್ವಗಂಧದ ವಿಥಾಫೆರಿನ್ ಎ ಬಹಳ ಕಡಿಮೆ ಪ್ರಮಾಣದಲ್ಲೇ ರಕ್ತನಾಳ ತಡೆಯುತ್ತದೆಂದು 2004ರ ಕೆಲಸವೊಂದು ತೋರಿಸಿತು. ಈ ಸಾಲಿನಲ್ಲಿ ಅತಿ ಚುರುಕಾದ ಅಣು ಇದೇ ಇರಬಹುದು. ಆದರೆ ಅದು ಶುದ್ಧ ಅಣುವಿನ ಮಾತು. ನಾವು ಕೊಳ್ಳುವ ಬೇರಿನ ಪುಡಿಯಲ್ಲಿ ಅದು ತೀರಾ ಕಡಿಮೆ, ಇರುವುದು ಹೆಚ್ಚಾಗಿ ಎಲೆಯಲ್ಲಿ. ಯಕೃತ್ ಹಾನಿಯ ವರದಿಗಳಿವೆ, ಥೈರಾಯ್ಡ್ ಹಾರ್ಮೋನನ್ನೂ ಏರುಪೇರು ಮಾಡಬಲ್ಲದು. ಚಿಕಿತ್ಸೆ ನಡೆಯುವಾಗ ಬೇಡ.

ದ್ರಾಕ್ಷಿ ಸಿಪ್ಪೆಯ ರೆಸ್ವೆರಾಟ್ರಾಲ್ ಬಗ್ಗೆ ಒಂದೇ ಸಂಗತಿ ಸಾಕು. ಮೈಲೋಮಾ ರೋಗಿಗಳಿಗೆ ದಿನಕ್ಕೆ 5 ಗ್ರಾಂ ಕೊಟ್ಟ ಪ್ರಯೋಗದಲ್ಲಿ 24 ಮಂದಿಯಲ್ಲಿ ಐವರ ಕಿಡ್ನಿ ಕೈಕೊಟ್ಟಿತು, ಪ್ರಯೋಗವನ್ನೇ ನಿಲ್ಲಿಸಿದರು. ದ್ರಾಕ್ಷಿ ತಿನ್ನಿ.

ಡ್ರಿಪ್‌ನಲ್ಲಿ ಬರುವ ಗಿಡಗಳು

"ಇಂಗ್ಲಿಷ್ ಔಷಧ ಬೇಡ, ಗಿಡಮೂಲಿಕೆ ಕೊಡಿ" ಎನ್ನುವವರಿಗೆ ನಾನು ಡ್ರಿಪ್ ಬಾಟಲಿಯನ್ನು ತೋರಿಸುತ್ತೇನೆ. ನಮ್ಮ ಅಂಗಳದ ನಿತ್ಯಪುಷ್ಪ ಅದರಲ್ಲಿದೆ. 1950ರ ದಶಕದಲ್ಲಿ ಜಮೈಕಾದಿಂದ ಅದರ ಎಲೆ ಕೆನಡಾಕ್ಕೆ ಹೋದದ್ದು ಸಕ್ಕರೆ ಕಾಯಿಲೆಗೆ. ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಇಲಿಗಳಿಗೆ ಕೊಟ್ಟು ನೋಡಿದಾಗ ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣ ಇಳಿದವು. ಅಲ್ಲಿಂದ ವಿನ್‌ಬ್ಲಾಸ್ಟಿನ್, ಮುಂದೆ ವಿನ್‌ಕ್ರಿಸ್ಟಿನ್ ಎಂಬ ಕೀಮೋ ಔಷಧಗಳು ಬಂದವು. ಟೊರಾಂಟೊದಲ್ಲಿ 2000ದಲ್ಲಿ ಇಲಿಗಳಿಗೆ ವಿನ್‌ಬ್ಲಾಸ್ಟಿನ್ ಅನ್ನು ಸಣ್ಣ ಸಣ್ಣ ಪ್ರಮಾಣದಲ್ಲಿ ಪದೇ ಪದೇ ಕೊಟ್ಟು, ವಿಇಜಿಎಫ್ ಗ್ರಾಹಕ ತಡೆಯುವ ಪ್ರತಿಕಾಯವನ್ನೂ ಜೊತೆಗೂಡಿಸಿದಾಗ, ಗೆಡ್ಡೆಯ ರಕ್ತನಾಳಗಳೇ ಸೊರಗಿದವು. ಒಂದು ಗ್ರಾಂ ವಿನ್‌ಬ್ಲಾಸ್ಟಿನ್‌ಗೆ ಸುಮಾರು 500 ಕೆ.ಜಿ. ಒಣ ಎಲೆ ಬೇಕು. ಹಾಗೆಂದು ಬೆಳಿಗ್ಗೆ ನಾಲ್ಕು ಎಲೆ ಅಗಿಯುವುದು ನಿರಪಾಯ ಎಂದುಕೊಳ್ಳಬೇಡಿ. ಎಲೆಯಲ್ಲಿ ಹತ್ತಾರು ಆಲ್ಕಲಾಯ್ಡುಗಳಿವೆ, ಪ್ರಮಾಣದ ಹಿಡಿತ ಯಾರಿಗೂ ಇಲ್ಲ.

ಪಶ್ಚಿಮಘಟ್ಟದ ದುರ್ವಾಸನೆ ಮರದ ಮಾತು ಹೇಳದೆ ಮುಂದೆ ಹೋಗಲಾರೆ. ಚೀನಾದ ಮರವೊಂದರಲ್ಲಿ 1966ರಲ್ಲಿ ಸಿಕ್ಕ ಕ್ಯಾಂಪ್ಟೋಥೆಸಿನ್ ನಮ್ಮ ಈ ಮರದಲ್ಲೂ ಹೇರಳವಾಗಿದೆ ಎಂದು 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ತೋರಿಸಿದರು. ಆಮೇಲೆ ಮರಕ್ಕೆ ಕೊಡಲಿ ಬಿದ್ದದ್ದೂ ಇದರಿಂದಲೇ. ಆ ಅಣುವಿನಿಂದ ರೂಪಿಸಿದ ಟೊಪೊಟೆಕಾನ್, ಇರಿನೋಟೆಕಾನ್ ಎಂಬ ಎರಡೂ ಕ್ಯಾನ್ಸರ್ ಔಷಧಗಳಿಗೆ 1996ರಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು. ಟೊಪೊಟೆಕಾನ್ ಜೀವಕೋಶ ಕೊಲ್ಲುವುದರ ಜೊತೆಗೆ, ಉಸಿರುಕಟ್ಟಿದ ಗೆಡ್ಡೆ ವಿಇಜಿಎಫ್ ತಯಾರಿಸಲು ಬಳಸುವ ಎಚ್‌ಐಎಫ್-1 ಎಂಬ ಸ್ವಿಚ್ಚನ್ನೂ ತಗ್ಗಿಸುತ್ತದೆ. ಇನ್ನು ಪೆಸಿಫಿಕ್ ಯೂ ಮರದ ತೊಗಟೆಯ ಪ್ಯಾಕ್ಲಿಟ್ಯಾಕ್ಸೆಲ್ ನಮ್ಮ ವಾರ್ಡಿನಲ್ಲಿ ದಿನನಿತ್ಯದ ಹೆಸರು.

ದಕ್ಷಿಣ ಆಫ್ರಿಕಾದ ಬುಶ್ ವಿಲೋ ಮರದ ಕಾಂಬ್ರೆಟಾಸ್ಟಾಟಿನ್ ಇವುಗಳಿಗಿಂತ ಬೇರೆ. ಹೊಸ ನಾಳ ತಡೆಯುವ ಬದಲು, ಇರುವ ನಾಳವನ್ನೇ ಕೆಲವೇ ಗಂಟೆಗಳಲ್ಲಿ ಕುಸಿಯುವಂತೆ ಮಾಡುತ್ತದೆ. ಗೆಡ್ಡೆಯ ನಡುಭಾಗ ಸಾಯುತ್ತದೆ. ಆದರೆ ಅಂಚಿನಲ್ಲಿ ಪಕ್ಕದ ಆರೋಗ್ಯವಂತ ನಾಳಗಳಿಂದ ರಕ್ತ ಪಡೆಯುವ ಒಂದು ತೆಳು ಸುತ್ತು ಉಳಿದುಕೊಂಡು ಮತ್ತೆ ಬೆಳೆಯುತ್ತದೆ. ಇಷ್ಟು ಬಲವಾದ ಅಣುವೂ ಮಾರುಕಟ್ಟೆಯ ಔಷಧವಾಗಲಿಲ್ಲ. ರಕ್ತ ನಿಲ್ಲಿಸಿದರೆ ಗೆಡ್ಡೆ ಸತ್ತಂತೆ ಎಂಬ ಲೆಕ್ಕ ಅಷ್ಟು ಸರಳವಲ್ಲ. ಕಾನ್ಪುರ ಐಐಟಿಯಲ್ಲಿ ಓದಿ ಬಾಸ್ಟನ್ನಿನಲ್ಲಿ ನೆಲೆಸಿದ ರಾಕೇಶ್ ಜೈನ್ ಇನ್ನೊಂದು ಮುಖ ತೋರಿಸಿದರು: ಗೆಡ್ಡೆಯ ನಾಳಗಳು ಸೋರುವ, ಸೊಟ್ಟಪಟ್ಟ ನಾಳಗಳು. ಹದವಾಗಿ ತಡೆದರೆ ಅವು ಸ್ವಲ್ಪ ಕಾಲ ನೆಟ್ಟಗಾಗಿ ಕೀಮೋ ಒಳಗೆ ಚೆನ್ನಾಗಿ ಇಳಿಯುತ್ತದೆ, ಅತಿಯಾಗಿ ಮುಚ್ಚಿದರೆ ಕೀಮೋವೇ ಒಳಗೆ ಹೋಗದು. ಪ್ರಮಾಣ ಮತ್ತು ವೇಳೆಯೇ ಎಲ್ಲ.

ನಿಮ್ಮ ಮನೆಯ ಪರಿಸ್ಥಿತಿಗೆ

ಕೀಮೋ ಅಥವಾ ಗುಳಿಗೆ ನಡೆಯುತ್ತಿದ್ದರೆ: ಅಡುಗೆಮನೆಯದು ಇರಲಿ, ಡಬ್ಬಿಯದು ನಿಲ್ಲಲಿ. ಆಗಲೇ ತೆಗೆದುಕೊಳ್ಳುತ್ತಿದ್ದರೆ ಬೈಸಿಕೊಳ್ಳಬೇಕಾದೀತೆಂದು ಮುಚ್ಚಿಡಬೇಡಿ, ಡಬ್ಬಿಯನ್ನೇ ಡಾಕ್ಟರ ಮುಂದಿಡಿ.

ಆಪರೇಷನ್ ದಿನ ಗೊತ್ತಾಗಿದ್ದರೆ: ಗಾಯ ಮಾಯಲು ಹೊಸ ರಕ್ತನಾಳ ಬೇಕೇ ಬೇಕು. ಬೆವಸಿಜುಮಾಬ್ ಮತ್ತು ಶಸ್ತ್ರಚಿಕಿತ್ಸೆಯ ನಡುವೆ ಕನಿಷ್ಠ 28 ದಿನ ಬಿಡುವುದು ಅದಕ್ಕೇ. ಕರ್ಕ್ಯುಮಿನ್ ರಕ್ತ ಹೆಪ್ಪುಗಟ್ಟುವುದನ್ನೂ ಸ್ವಲ್ಪ ತಗ್ಗಿಸಬಲ್ಲದು. ಎಲ್ಲ ಪೂರಕಗಳ ಹೆಸರನ್ನೂ ಸರ್ಜನ್‌ಗೆ ಮತ್ತು ಅರಿವಳಿಕೆ ಡಾಕ್ಟರಿಗೆ ಮೊದಲೇ ಹೇಳಿ.

ಚಿಕಿತ್ಸೆ ಮುಗಿದು ಬರೀ ತಪಾಸಣೆಗೆ ಹೋಗುತ್ತಿದ್ದರೆ: ಸೋಯಾ, ಗ್ರೀನ್ ಟೀ, ಅರಿಶಿನ ಊಟದ ಭಾಗವಾಗಿ ಚೆಂದ. ಕ್ಯಾಪ್ಸೂಲಿಗೆ ತಿಂಗಳು ತಿಂಗಳು ಸುರಿಯುವ ದುಡ್ಡನ್ನು ಹಣ್ಣು, ಬೇಳೆ, ಮೊಟ್ಟೆಗೆ ಹಾಕಿ ಎನ್ನುತ್ತೇನೆ ನಾನು. ಕ್ಯಾನ್ಸರ್ ವಾರ್ಡಿನಲ್ಲಿ ನಾನು ಹೆಚ್ಚು ಕಾಣುವುದು ತೂಕ ಇಳಿದವರನ್ನು.

ಹಾವೇರಿಯ ಅಕ್ಕನ ಡಬ್ಬಿಯ ಹಿಂಬದಿಯನ್ನು ಫೋಟೋ ತೆಗೆದು ಯಜಮಾನರ ಫೈಲಿಗೆ ಸೇರಿಸಿದೆ. ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಕ್ಯಾಪ್ಸೂಲ್ ಇಂದಿನಿಂದಲೇ ನಿಲ್ಲಿಸಿ, ಗುಳಿಗೆ ಹಾಗೇ ಮುಂದುವರಿಯಲಿ, ಬಿ.ಪಿ. ನೋಡಿ, ಎಲ್‌ಎಫ್‌ಟಿಗೆ (ಯಕೃತ್ತಿನ ಪರೀಕ್ಷೆಗೆ) ರಕ್ತ ಕೊಟ್ಟು ಹೋಗಲಿ ಎಂದರು.

"ಹಂಗಾರ ಪಲ್ಯಾಕ್ಕ ಅರಿಷಿಣ ಹಾಕಬೇಕೋ ಬ್ಯಾಡೋ ಸರ್?"

"ಹಾಕ್ರಿ ಅಕ್ಕಾರ, ದಿನಾ ಹಾಕಿದಂಗ ಹಾಕ್ರಿ" ಎಂದೆ. ಡಬ್ಬಿಯನ್ನು ಚೀಲದ ತಳಕ್ಕೆ ಹಾಕಿ, ರಕ್ತ ಕೊಡುವ ಕೋಣೆ ಯಾವ ಕಡೆ ಎಂದು ಕೇಳಿಕೊಂಡು ಹೊರಟರು.